ಸೆರೆಮನೆಯೂ ಬೇಡ, ಅಂಗಡಿಯೂ ಬೇಡ

ಗಾಂಜಾ ಗಿಡದ ಎಲೆಯನ್ನು ಅರೆದು ಹಾಲಿನಲ್ಲಿ ಬೆರೆಸಿ ಕುಡಿದವನನ್ನು ನಮ್ಮ ದೇಶದ ಮಾದಕವಸ್ತು ಕಾಯ್ದೆ ಮುಟ್ಟುವುದಿಲ್ಲ. ಅದೇ ಗಿಡದ ಹೂವನ್ನು ಒಣಗಿಸಿ ಚಿಲುಮೆಯಲ್ಲಿ ಸೇದಿದವನು ಅಪರಾಧಿಯಾಗುತ್ತಾನೆ. ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ 1985ರ ಕಾಯ್ದೆ, ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಎಂದು ಹೇಳಿ, ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜಗಳನ್ನು ಹೊರಗಿಟ್ಟಿದೆ. ಹಾಗಾಗಿಯೇ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಈ ಎಲೆಯಿಂದ ಮಾಡುವ ಭಂಗಿಗೆ ಸರ್ಕಾರದ ಪರವಾನಗಿ ಪಡೆದ ಅಂಗಡಿಗಳಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ, ಭಂಗಿಯನ್ನು ಈ ಕಾಯ್ದೆ ನಿಷೇಧಿತ ವಸ್ತುವೆಂದು ಹೆಸರಿಸಿಲ್ಲ ಎಂದು ಹೇಳಿತು. ಹೂವಿನಲ್ಲಿ ಅಮಲಿನ ಅಂಶ ಎಲೆಗಿಂತ ಹೆಚ್ಚು ಎಂಬುದು ನಿಜ. ಆದರೆ ಅಮಲಿನ ಪ್ರಮಾಣವೇ ಅಪರಾಧದ ಅಳತೆಯಾಗಿದ್ದರೆ ಬಿಯರ್ ಕುಡಿದವನನ್ನು ಬಿಟ್ಟು ಬ್ರಾಂದಿ ಕುಡಿದವನನ್ನು ಜೈಲಿಗೆ ಕಳಿಸಬೇಕಾಗುತ್ತಿತ್ತು. ಗಾಂಜಾ ಸೇದುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆ ಎಂಬ ಪ್ರಶ್ನೆಗೆ ನಾನು ಹೌದು ಎನ್ನುತ್ತೇನೆ. ಅದನ್ನು ವ್ಯಾಪಾರಕ್ಕೆ ಬಿಡಬೇಕೆ ಎಂಬ ಪ್ರಶ್ನೆಗೆ ಅಷ್ಟೇ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಈ ಎರಡು ಉತ್ತರಗಳೂ ವೈಯಕ್ತಿಕ ಸ್ವಾತಂತ್ರ್ಯವೆಂಬ ಒಂದೇ ತತ್ವದಿಂದ ಹೊರಡುತ್ತವೆ ಎಂಬುದೇ ನನ್ನ ವಾದ.

ಈ ಪ್ರಶ್ನೆಯನ್ನು ನಾಡು ಮೊದಲ ಸಲ ಎದುರಿಸುತ್ತಿಲ್ಲ. ಭಾರತದಲ್ಲಿ ಗಾಂಜಾ ಸೇವನೆಯಿಂದ ಜನ ಹುಚ್ಚರಾಗುತ್ತಿದ್ದಾರೆ ಎಂಬ ದೂರು ಬ್ರಿಟಿಷ್ ಸಂಸತ್ತಿನವರೆಗೆ ಹೋದ ಮೇಲೆ, 1893ರಲ್ಲಿ ವಸಾಹತು ಸರ್ಕಾರ ಏಳು ಸದಸ್ಯರ ಆಯೋಗವೊಂದನ್ನು ನೇಮಿಸಿತು. ಆಯೋಗ ಹಲವು ಪ್ರಾಂತ್ಯಗಳಲ್ಲಿ ಸುತ್ತಾಡಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೇ ತೆರೆದು ನೋಡಿದಾಗ ಮುಖ್ಯವಾದ ಸಂಗತಿಯೊಂದು ಹೊರಬಂತು. ರೋಗಿಯ ಹುಚ್ಚಿಗೆ ಕಾರಣ ಗಾಂಜಾ ಎಂದು ಬರೆದಿದ್ದ ಎಷ್ಟೋ ಕಡೆ ಯಾವ ವಿಚಾರಣೆಯೂ ನಡೆದಿರಲಿಲ್ಲ. ರೋಗಿಯನ್ನು ಕರೆತಂದ ಪೊಲೀಸರು ತುಂಬಿಸಿದ ಮಾತೇ ವೈದ್ಯಕೀಯ ಪುರಾವೆಯಾಗಿ ಅಂಕಿಅಂಶಗಳಲ್ಲಿ ಕೂತಿತ್ತು. ಮಿತವಾಗಿ ಬಳಸುವವರಿಗೆ ಇದರಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾಗಿ ಬಳಸುವವರಿಗೆ ಇದೆ, ಸಂಪೂರ್ಣ ನಿಷೇಧ ಅಗತ್ಯವೂ ಅಲ್ಲ ಸೂಕ್ತವೂ ಅಲ್ಲ, ತೆರಿಗೆ ಮತ್ತು ಪರವಾನಗಿಗಳ ಹಿಡಿತ ಸಾಕು ಎಂದು ಆಯೋಗ 1894ರ ವರದಿಯಲ್ಲಿ ತೀರ್ಮಾನಿಸಿತು. ಆ ಸರ್ಕಾರಕ್ಕೆ ಗಾಂಜಾದಿಂದ ಆದಾಯವಿತ್ತು ಎಂಬುದನ್ನು ಮರೆಯಬಾರದು. ಆದರೂ ಭಯದ ಮಾತನ್ನು ಪುರಾವೆಯ ಒರೆಗೆ ಹಚ್ಚಿ ನೋಡಿದ ಆ ಕ್ರಮ ಇಂದಿಗೂ ಅನುಸರಿಸಲು ಯೋಗ್ಯವಾದದ್ದು.

ನಿಷೇಧ ಬಂದದ್ದು ಆ ವರದಿಯನ್ನು ಸುಳ್ಳೆಂದು ಸಾಧಿಸಿದ ಹೊಸ ವಿಚಾರಣೆಯಿಂದಲ್ಲ. ವಿಶ್ವಸಂಸ್ಥೆಯ 1961ರ ಮಾದಕದ್ರವ್ಯ ಒಪ್ಪಂದ ಗಾಂಜಾವನ್ನು ಹೆರಾಯಿನ್ ಜೊತೆಗೆ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಇಟ್ಟಿತು. ಸಾಂಪ್ರದಾಯಿಕ ಬಳಕೆಯಿದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷಗಳ ಗಡುವು ಸಿಕ್ಕಿತು. ಆ ಗಡುವು ಮುಗಿಯುವ ಹೊತ್ತಿಗೆ ನಮ್ಮ 1985ರ ಕಾಯ್ದೆ ಬಂತು. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಆ ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗದ ಮುಂದೆ ಬಂದಾಗ, 27ಕ್ಕೆ 25 ಮತಗಳಿಂದ ಅದು ಅಂಗೀಕಾರವಾಯಿತು. ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. ಹೊರಗೆ ನಿಲುವು ಸಡಿಲಗೊಳಿಸಿದ ನಾವು ಒಳಗೆ ಸೇದುವವನ ಮೇಲಿನ ಶಿಕ್ಷೆಯನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ. ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾಯ್ದೆ ಅಲ್ಪ ಪ್ರಮಾಣವೆಂದು ಕರೆಯುವ ಒಂದು ಕಿಲೋವರೆಗಿನ ಗಾಂಜಾ ಇಟ್ಟುಕೊಂಡರೆ ಒಂದು ವರ್ಷದವರೆಗೆ ಕಠಿಣ ಸಜೆ.

ಗಾಂಜಾ ನಿರಪಾಯಕಾರಿ ಎಂದು ವಾದಿಸುವವರ ಜೊತೆ ನಾನಿಲ್ಲ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45,000 ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಂಜಾವನ್ನು ಹೆಚ್ಚಾಗಿ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬಂದ ಪ್ರಮಾಣ ಬಳಸದವರಿಗಿಂತ ಆರು ಪಟ್ಟಿನಷ್ಟಿತ್ತು. ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರ ಕಡಿಮೆಯಾಯಿತು, ಆದರೆ ಅಳಿಸಿಹೋಗಲಿಲ್ಲ. ಬಳಸಿದವರಲ್ಲಿ ಸುಮಾರು ಹತ್ತರಲ್ಲೊಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ; ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಆ ಪಾಲು ಇನ್ನೂ ಹೆಚ್ಚು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ 1995ರಲ್ಲಿ ಶೇ 4ರಷ್ಟಿದ್ದದ್ದು 2014ರ ಹೊತ್ತಿಗೆ ಶೇ 12ಕ್ಕೆ ಏರಿತ್ತು. ಆಯೋಗ 1894ರಲ್ಲಿ ತೂಗಿ ನೋಡಿದ ಗಿಡವೂ ಇಂದಿನ ಮಾರುಕಟ್ಟೆಯ ತಳಿಗಳೂ ಒಂದೇ ಅಲ್ಲ. ಆದರೆ ಒಂದು ವಸ್ತು ಹಾನಿಕರ ಎಂದು ತೋರಿಸಿದ ಮಾತ್ರಕ್ಕೆ ಅದನ್ನು ಬಳಸಿದವನನ್ನು ಶಿಕ್ಷಿಸುವ ಅಧಿಕಾರ ಸರ್ಕಾರಕ್ಕೆ ಬರುವುದಿಲ್ಲ. ಹಾನಿ ಯಾರಿಗೆ ಎಂಬುದನ್ನೂ, ಶಿಕ್ಷೆ ಆ ಹಾನಿಯನ್ನು ತಗ್ಗಿಸುತ್ತದೆಯೇ ಎಂಬುದನ್ನೂ ಕೇಳಲೇಬೇಕು.

ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1859ರಲ್ಲಿ ಬರೆದ ಸ್ವಾತಂತ್ರ್ಯ ಕುರಿತ ಗ್ರಂಥದಲ್ಲಿ ಮಂಡಿಸಿದ ನಿಯಮ ಸರಳ: ವಯಸ್ಕನೊಬ್ಬನ ಮೇಲೆ ಬಲಪ್ರಯೋಗ ಮಾಡಲು ಇತರರಿಗಾಗುವ ಹಾನಿಯನ್ನು ತಡೆಯುವುದಷ್ಟೇ ಕಾರಣವಾಗಬಲ್ಲದು, ಅವನ ಒಳಿತು ಕಾರಣವಾಗಲಾರದು. ಅವನಿಗೆ ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು, ಸೆರೆಗೆ ಹಾಕಬಾರದು. ಇದನ್ನು ಪಶ್ಚಿಮದ ವಿಚಾರ ಎಂದು ತಳ್ಳಿಹಾಕಲು ಈಗ ನಮಗೆ ಸಾಧ್ಯವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದಾರೆ. ಆ ಹಕ್ಕು ಇಲ್ಲಿ ಗಾಂಜಾದವರೆಗೆ ಬಂದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಬಂದಿದೆ. ಅಲ್ಲಿ ಗಾಂಜಾವನ್ನು ಪವಿತ್ರವೆಂದು ನಂಬುವ ರಾಸ್ತಫಾರಿ ಪಂಥದ ಗ್ಯಾರೆತ್ ಪ್ರಿನ್ಸ್ ಎಂಬ ಕಾನೂನು ಪದವೀಧರ ಧರ್ಮ ಸ್ವಾತಂತ್ರ್ಯದ ಹೆಸರಿನಲ್ಲಿ ಹೂಡಿದ ದಾವೆಯನ್ನು ಸಂವಿಧಾನ ನ್ಯಾಯಾಲಯ 2002ರಲ್ಲಿ ತಿರಸ್ಕರಿಸಿತ್ತು. ಅದೇ ನ್ಯಾಯಾಲಯ 2018ರಲ್ಲಿ, ವಯಸ್ಕರು ಖಾಸಗಿಯಾಗಿ ತಮ್ಮ ಬಳಕೆಗೆಂದು ಗಾಂಜಾ ಬೆಳೆಯುವುದನ್ನೂ ಸೇದುವುದನ್ನೂ ಅಪರಾಧವೆನ್ನುವುದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ಒಮ್ಮತದಿಂದ ತೀರ್ಪಿತ್ತಿತು. ಪಂಥವೊಂದಕ್ಕೆ ಕೊಡಬಹುದಾಗಿದ್ದ ವಿನಾಯಿತಿ ಹೀಗೆ ಎಲ್ಲ ವಯಸ್ಕರ ಹಕ್ಕಾಯಿತು. ಮಾರಾಟ ಮಾತ್ರ ಅಪರಾಧವಾಗಿಯೇ ಉಳಿಯಿತು. ವಿನಾಯಿತಿಗೂ ಹಕ್ಕಿಗೂ ಇರುವ ಈ ವ್ಯತ್ಯಾಸ ನಮ್ಮಲ್ಲೂ ಮುಖ್ಯ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುತ್ತದೆ ಎಂದು ಪತ್ರಿಕೆಗಳು ವರದಿ ಮಾಡಿವೆ. ಅಲ್ಲಿನ ಭಕ್ತನಿಗೆ ಬೇಕಾದದ್ದು ಸಂಪ್ರದಾಯದ ಮೇಲಿನ ಕರುಣೆಯಲ್ಲ, ಬೆಂಗಳೂರಿನ ಕಾರ್ಖಾನೆ ಕೆಲಸಗಾರನಿಗೂ ಸಲ್ಲುವ ಹಕ್ಕು.

ಇದಕ್ಕೆ ಬರುವ ಅತ್ಯಂತ ಗಂಭೀರ ಆಕ್ಷೇಪ ಸ್ವಾತಂತ್ರ್ಯದ ಒಳಗಿನಿಂದಲೇ ಬರುತ್ತದೆ. ಚಟಕ್ಕೆ ಬಿದ್ದವನು ಆಯ್ಕೆ ಮಾಡುತ್ತಿಲ್ಲ. ಚಟವೇ ಅವನನ್ನು ನಡೆಸುತ್ತಿದೆ. ತನ್ನನ್ನು ಗುಲಾಮನಾಗಿ ಮಾರಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ ಎಂದು ಮಿಲ್ ಸ್ವತಃ ಒಪ್ಪಿದ್ದ. ಹಾಗಾದರೆ ಸ್ವಾತಂತ್ರ್ಯವನ್ನೇ ತಿಂದುಹಾಕುವ ವಸ್ತುವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಹೇಗೆ ಸಮರ್ಥಿಸುವುದು? ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಹತ್ತರಲ್ಲೊಬ್ಬನಿಗೆ ಅನ್ವಯಿಸುವ ಸತ್ಯ, ಉಳಿದ ಒಂಬತ್ತು ಮಂದಿಗೆ ಅಲ್ಲ. ಆ ಒಬ್ಬನ ವಿಷಯದಲ್ಲೂ ಅದು ಬೇಡುವುದು ಚಿಕಿತ್ಸೆಯನ್ನು. ಚಟ ಅವನ ಸ್ವಾತಂತ್ರ್ಯದ ಒಂದು ಪಾಲನ್ನು ಕಸಿದಿದ್ದರೆ ಜೈಲು ಉಳಿದದ್ದನ್ನೂ ಕಸಿಯುತ್ತದೆ. ಈಗಿನ ಕಾಯ್ದೆಯ 64ಎ ಕಲಮು ಚಿಕಿತ್ಸೆಗೆ ಒಪ್ಪಿದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ, ಅಷ್ಟು ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಪೊಲೀಸರ ಕೈಗೆ ಸಿಕ್ಕಿ ಆರೋಪಿಯಾದ ಮೇಲೆ ತೆರೆಯುವ ಬಾಗಿಲು ಅದು. ವ್ಯಸನಿಯಲ್ಲದ, ಅಪರೂಪಕ್ಕೆ ಸೇದುವವನು ಅದರೊಳಗೆ ಹೋಗಬೇಕಾದರೆ ಇಲ್ಲದ ರೋಗವನ್ನು ಒಪ್ಪಿಕೊಳ್ಳಬೇಕು. ಇನ್ನು ನಿಜವಾದ ವ್ಯಸನಿ ಕೇಸಿನ ಭಯದಿಂದಲೇ ಆಸ್ಪತ್ರೆಯಿಂದ ದೂರ ಉಳಿಯುತ್ತಾನೆ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣದ ಎಲ್ಲ ಮಾದಕವಸ್ತುಗಳನ್ನೂ ಕ್ರಿಮಿನಲ್ ಕಾನೂನಿನಿಂದ ಹೊರತಂದು, ಸಿಕ್ಕಿಬಿದ್ದವರನ್ನು ನ್ಯಾಯಾಲಯದ ಬದಲು ಸಲಹಾ ಸಮಿತಿಗಳ ಮುಂದೆ ಕಳಿಸತೊಡಗಿತು. ಅಲ್ಲಿ ಹಲವರು ಮುನ್ನುಡಿದಿದ್ದ ಅಮಲಿನ ಮಹಾಪೂರ ಬರಲಿಲ್ಲ.

ಎರಡನೆಯ ಆಕ್ಷೇಪ ಮನೆಯೊಳಗಿನದು. ಅಮಲು ಒಬ್ಬನದಾದರೂ ಬೆಲೆ ತೆರುವವರು ಹೆಂಡತಿ ಮಕ್ಕಳು. ಹೀಗಿರುವಾಗ ಹಾನಿ ಅವನೊಬ್ಬನಿಗೆ ಎನ್ನುವುದು ಹೇಗೆ? 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳು ಕೇಳಿದ್ದು ಇದನ್ನೇ. ಅವರ ಪ್ರಶ್ನೆಗೆ ಉತ್ತರ ಕೊಡದ ಯಾವ ಸ್ವಾತಂತ್ರ್ಯವಾದವೂ ಪೂರ್ಣವಲ್ಲ. ಹೆಂಡತಿಗೆ ಹೊಡೆಯುವುದು, ಅಮಲಿನಲ್ಲಿ ವಾಹನ ಓಡಿಸುವುದು, ಮಕ್ಕಳಿಗೆ ಮಾರುವುದು ಇತರರಿಗೆ ಮಾಡುವ ನೇರ ಹಾನಿ. ಅವುಗಳಿಗೆ ಶಿಕ್ಷೆ ಇರಲೇಬೇಕು, ಇನ್ನೂ ಬಿಗಿಯಾಗಲಿ. ಆದರೆ ದುಡಿಯುವ ಗಂಡನನ್ನು ಒಂದು ಪೊಟ್ಟಣ ಗಾಂಜಾಕ್ಕಾಗಿ ಒಳಗೆ ಹಾಕಿದರೆ ಆ ಮನೆಗೆ ಬರುವುದು ಕೂಲಿಯಲ್ಲ, ವಕೀಲರ ಫೀಸು. ಶಿಕ್ಷೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಅಮೆರಿಕದಲ್ಲಿ ಕರಿಯರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಬಳಸುತ್ತಿದ್ದರೂ, ಅದನ್ನು ಇಟ್ಟುಕೊಂಡ ಆರೋಪದ ಮೇಲೆ ಕರಿಯರು ಬಂಧನಕ್ಕೊಳಗಾಗುವ ಸಂಭವ ಮೂರೂವರೆ ಪಟ್ಟಿಗಿಂತ ಹೆಚ್ಚು ಎಂದು ಅಲ್ಲಿನ ನಾಗರಿಕ ಹಕ್ಕುಗಳ ಒಕ್ಕೂಟ ಲೆಕ್ಕಹಾಕಿ ತೋರಿಸಿದೆ. ಕಾಂಪೌಂಡಿನೊಳಗೆ ಸೇದುವವನಿಗಿಂತ ಬೀದಿಯಲ್ಲಿ ಬದುಕುವವನು ಪೊಲೀಸರ ಕಣ್ಣಿಗೆ ಬೇಗ ಬೀಳುತ್ತಾನೆ. ಇದು ಯಾವ ಊರಿಗೂ ಸಲ್ಲುವ ಮಾತು.

ಆದರೆ ಆ ಹೆಣ್ಣುಮಕ್ಕಳ ನಡಿಗೆ ಹೇಳಿದ ಇನ್ನೊಂದು ಪಾಠವನ್ನು ಸ್ವಾತಂತ್ರ್ಯವಾದಿಗಳು ಕೇಳಿಸಿಕೊಳ್ಳಬೇಕು. ಅವರ ಸಿಟ್ಟು ಗಂಡಂದಿರ ಮೇಲಷ್ಟೇ ಇರಲಿಲ್ಲ, ಹಳ್ಳಿಹಳ್ಳಿಗೆ ಮದ್ಯ ತಲುಪಿಸುವ ವ್ಯವಸ್ಥೆಯ ಮೇಲಿತ್ತು. ಕರ್ನಾಟಕ 2007ರಲ್ಲಿ ಸಾರಾಯಿ ನಿಷೇಧಿಸಿತು; ಮದ್ಯದ ಮಾರಾಟ ಮಾತ್ರ ಬೆಳೆಯುತ್ತಲೇ ಹೋಗಿ, ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಸಗಟು ಮಾರಾಟಕ್ಕೆ ಸರ್ಕಾರದ್ದೇ ನಿಗಮವಿದೆ. ಇಷ್ಟು ದೊಡ್ಡ ಮೊತ್ತ ಬಜೆಟ್ಟಿನೊಳಗೆ ಕೂತ ಮೇಲೆ, ಜನ ಕಡಿಮೆ ಕುಡಿಯಲಿ ಎಂದು ಮನಸಾರೆ ಬಯಸುವ ಹಣಕಾಸು ಇಲಾಖೆ ಇರಲಾರದು. ಗಾಂಜಾ ಮಾರಾಟವನ್ನು ತೆರಿಗೆಯ ಆಸೆಗೆ ತೆರೆದರೆ ಆಗುವುದೂ ಇದೇ. ಅಮಲಿನ ಯಾವ ವ್ಯಾಪಾರದಲ್ಲೂ ಲಾಭದ ದೊಡ್ಡ ಪಾಲು ಬರುವುದು ಅಪರೂಪಕ್ಕೆ ಬಳಸುವವನಿಂದಲ್ಲ, ದಿನವೂ ಬಳಸುವವನಿಂದ. ಹಾಗಾಗಿ ಕಂಪನಿಯ ಹಿತವಿರುವುದು ಅಪರೂಪದವನನ್ನು ದಿನದವನನ್ನಾಗಿ ಮಾಡುವುದರಲ್ಲಿ. ಯಾವ ವ್ಯಸನವನ್ನು ನಾವು ಸ್ವಾತಂತ್ರ್ಯದ ಶತ್ರು ಎಂದು ಒಪ್ಪಿಕೊಂಡೆವೋ ಅದೇ ವ್ಯಸನ ಈ ವ್ಯಾಪಾರದ ಬಂಡವಾಳ. ಮಿಲ್ ಕೂಡ ಜೂಜಾಡುವವನ ಪರವಾಗಿ ನಿಸ್ಸಂದೇಹವಾಗಿ ನಿಂತರೂ, ಜೂಜುಮನೆ ನಡೆಸುವವನ ವಿಷಯಕ್ಕೆ ಬಂದಾಗ ಎರಡೂ ಕಡೆಯ ವಾದಗಳನ್ನು ತೂಗಿ ಹಿಂಜರಿದ. ಇತರರ ದೌರ್ಬಲ್ಯದಿಂದ ಲಾಭ ಪಡೆಯುವವನ ಪ್ರಚೋದನೆ ನಿಷ್ಪಕ್ಷಪಾತವಾದದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನು ಹಿಂಜರಿದಲ್ಲಿ ನಾವು ಗಟ್ಟಿಯಾಗಿ ನಿಲ್ಲಬಹುದು. ಸೇದುವುದು ವ್ಯಕ್ತಿಯ ಬದುಕಿನ ಆಯ್ಕೆ. ಜಾಹೀರಾತು ಹಾಕಿ ಮಾರುವುದು ಯಾರ ಖಾಸಗಿತನಕ್ಕೂ ಸೇರಿದ್ದಲ್ಲ. ಅದು ಬೇರೆಯವರ ಬದುಕಿನ ಮೇಲೆ ನಡೆಸುವ ವ್ಯವಹಾರ.

ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಮೇಲೆ ನಡೆದದ್ದು ಈ ಭೇದ ಎಷ್ಟು ಮುಖ್ಯ ಎಂದು ತೋರಿಸುತ್ತದೆ. ಗಾಂಜಾ ಬೆರೆಸಿದ ಮಿಠಾಯಿಗಳು ಅಂಗಡಿಗೆ ಬಂದ ಪ್ರಾಂತ್ಯಗಳಲ್ಲಿ, ತಿಳಿಯದೆ ಅವನ್ನು ತಿಂದು ಆಸ್ಪತ್ರೆ ಸೇರಿದ ಚಿಕ್ಕ ಮಕ್ಕಳ ಪ್ರಮಾಣ ಏರಿತು; ಅಂಥ ಮಿಠಾಯಿಗಳಿಗೆ ಅವಕಾಶ ಕೊಡದ ಕ್ವಿಬೆಕ್‌ನಲ್ಲಿ ಆ ಏರಿಕೆ ಹಾಗೆ ಕಾಣಲಿಲ್ಲ. ದೇಶ ಒಂದೇ, ಮೂಲ ಕಾಯ್ದೆ ಒಂದೇ; ಮಾರುಕಟ್ಟೆಯ ಸ್ವರೂಪ ಬದಲಾದಂತೆ ಫಲವೂ ಬದಲಾಯಿತು. ಥಾಯ್ಲೆಂಡ್ 2022ರಲ್ಲಿ ಸರಿಯಾದ ನಿಯಮಗಳನ್ನು ಮಾಡುವ ಮೊದಲೇ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಸಾವಿರಾರು ಅಂಗಡಿಗಳು ತೆರೆದುಕೊಂಡವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಸರ್ಕಾರ ಹಿಂದೆ ಸರಿಯಬೇಕಾಯಿತು.

ಅಂಗಡಿ ಇಲ್ಲದಿದ್ದರೆ ಸೇದುವವನಿಗೆ ಗಾಂಜಾ ಎಲ್ಲಿಂದ ಬರಬೇಕು, ಕಳ್ಳಸಂತೆಗೇ ತಳ್ಳಿದಂತಾಗಲಿಲ್ಲವೇ ಎಂಬುದು ಮೂರನೆಯ ಆಕ್ಷೇಪ. ಉತ್ತರ ಗಿಡದಲ್ಲೇ ಇದೆ: ಇದು ಹಿತ್ತಿಲಲ್ಲಿ ಬೆಳೆಯುತ್ತದೆ. ಉರುಗ್ವೆ 2013ರ ಕಾನೂನಿನಲ್ಲಿ ಮನೆಯಲ್ಲಿ ಆರು ಗಿಡಗಳಿಗೂ, 15ರಿಂದ 45 ಸದಸ್ಯರ ಬೆಳೆಗಾರರ ಕೂಟಗಳಿಗೂ ಅವಕಾಶ ಕೊಟ್ಟು ಜಾಹೀರಾತನ್ನು ನಿಷೇಧಿಸಿತು. ಜರ್ಮನಿ 2024ರಿಂದ ವಯಸ್ಕರಿಗೆ ಮನೆಯಲ್ಲಿ ಮೂರು ಗಿಡಗಳನ್ನೂ, ಲಾಭಕ್ಕಲ್ಲದ ಬೆಳೆಗಾರ ಸಂಘಗಳನ್ನೂ ಒಪ್ಪಿದೆ. ವ್ಯಾಪಾರದ ಅಂಗಡಿಯನ್ನು ಒಪ್ಪಿಲ್ಲ. ಇದರಿಂದ ಕಳ್ಳಸಂತೆ ಪೂರ್ತಿ ಅಳಿಯುವುದಿಲ್ಲ, ಆದರೆ ಕುಗ್ಗುತ್ತದೆ. ತೆರೆದ ಮಾರುಕಟ್ಟೆಯಿರುವ ಕೆನಡಾದಲ್ಲೂ ಅದು ಅಳಿದಿಲ್ಲ.

ನಮ್ಮ ಸಂವಿಧಾನದ 47ನೆಯ ವಿಧಿ ಆರೋಗ್ಯಕ್ಕೆ ಹಾನಿಕರವಾದ ಮದ್ಯ ಮತ್ತು ಮಾದಕವಸ್ತುಗಳನ್ನು ನಿಷೇಧಿಸಲು ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ನನ್ನ ವಾದ ಆ ವಿಧಿಗೆ ಎದುರಾಗಿಲ್ಲ. ಅದು ಸಾರ್ವಜನಿಕ ಆರೋಗ್ಯವನ್ನು ಕುರಿತ ಕರ್ತವ್ಯ. ಮಾರುವವನನ್ನು ತಡೆಯಲು, ಶಾಲೆಗಳಲ್ಲಿ ತಿಳಿವಳಿಕೆ ಕೊಡಲು, ಚಿಕಿತ್ಸೆ ಒದಗಿಸಲು ಅದು ಆಧಾರವಾಗಲಿ. ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವರ್ಷವೊಂದರಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು 72 ಲಕ್ಷ. ಆ 72 ಲಕ್ಷ ಜನರಿಗೆ ವೈದ್ಯರೂ ಆಪ್ತಸಲಹೆಗಾರರೂ ಬೇಕು, ಪೊಲೀಸ್ ಠಾಣೆಯಲ್ಲ. ಉಳಿದ ಕೋಟಿಗಟ್ಟಲೆ ವಯಸ್ಕರ ವಿಷಯದಲ್ಲಿ ಸರ್ಕಾರ ಕಾನೂನಿನ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿ: ಸ್ವಂತ ಸೇವನೆಯ ಗಾಂಜಾವನ್ನು, ಸೇವನೆಗೆ ಶಿಕ್ಷೆ ವಿಧಿಸುವ ಮಾದಕವಸ್ತು ಕಾಯ್ದೆಯ 27ನೆಯ ಕಲಮಿನಿಂದ ತೆಗೆಯಲಿ, ಸ್ವಂತಕ್ಕೆಂದು ಇಟ್ಟುಕೊಂಡ ಅಲ್ಪ ಪ್ರಮಾಣವನ್ನೂ ಮನೆಯ ಕೆಲವು ಗಿಡಗಳನ್ನೂ ಅಪರಾಧದಿಂದ ಹೊರಗಿಡಲಿ, ಅಪ್ರಾಪ್ತರಿಗೆ ಮಾರುವವರ ಶಿಕ್ಷೆಯನ್ನು ಬಿಗಿಗೊಳಿಸಲಿ, ಜಾಹೀರಾತಿಗೂ ಕಂಪನಿಗಳಿಗೂ ಬಾಗಿಲು ಹಾಕಲಿ. ಸ್ವಾತಂತ್ರ್ಯಕ್ಕೆ ಎರಡು ಕಡೆಯಿಂದ ಅಪಾಯವಿದೆ. ಲಾಠಿ ಹಿಡಿದವನಿಂದ ಎಷ್ಟೋ, ದುರಾಸೆಯ ವ್ಯಾಪಾರಿಯಿಂದಲೂ ಅಷ್ಟೇ. ಒಬ್ಬನಿಂದ ತಪ್ಪಿಸಿ ಇನ್ನೊಬ್ಬನ ಕೈಗೆ ಒಪ್ಪಿಸುವ ಕಾನೂನು ಸ್ವಾತಂತ್ರ್ಯವನ್ನು ಕಾಪಾಡಿದೆ ಎಂದು ಹೇಳಿಕೊಳ್ಳಲಾರದು.