ಮರೆವು ಹಣೆಬರಹವಲ್ಲ

*ಇಂದಿನ ಚಿಂತನೆ*



ತರಗತಿಯಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಮಾತು ಯಾವುದು ಗೊತ್ತೇ? "ಪುಸ್ತಕ ಮನೆಯಲ್ಲಿದೆ ಟೀಚರ್." ಕೆಲವು ಸಲ ಅದು ನಿಜ. ಎಷ್ಟೋ ಸಲ ಪುಸ್ತಕ ಎಲ್ಲಿದೆ ಎಂದು ಮಗುವಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದರೆ ಬೈಗುಳ ಬಿದ್ದೀತು ಎಂಬ ಹೆದರಿಕೆಗೆ ಆ ಉತ್ತರ ಬಾಯಿಗೆ ಬರುತ್ತದೆ. ಸಂಜೆ ಮನೆಯಲ್ಲಿ ಕೇಳಿದರೆ ಅದೇ ಮಗು "ಶಾಲೆಯಲ್ಲಿ ಬಿಟ್ಟು ಬಂದೆ" ಎನ್ನುತ್ತದೆ. ಮರೆತದ್ದು ಒಂದು ಪುಸ್ತಕ. ಅದನ್ನು ಮುಚ್ಚಲು ಬೇಕಾದದ್ದು ಎರಡು ಸುಳ್ಳು. ನಾವು ಪಂಚಶೀಲ ಹೇಳುವಾಗ ಪಕ್ಕದಲ್ಲಿ ಕೂತು ನಾಲ್ಕನೆಯ ಶೀಲವನ್ನು ಹೇಳುವುದೂ ಇದೇ ಮಗು.

ಬುದ್ಧರು ತಮ್ಮ ಮಗ ರಾಹುಲನಿಗೆ ಅಂಬಲಟ್ಠಿಕೆಯಲ್ಲಿ ಕೊಟ್ಟ ಉಪದೇಶ ಮಜ್ಝಿಮ ನಿಕಾಯದಲ್ಲಿದೆ. ತಂದೆ ಬರುವುದನ್ನು ಕಂಡು ರಾಹುಲ ಆಸನ ಹಾಸಿ, ಕಾಲು ತೊಳೆಯಲು ನೀರಿಟ್ಟಿದ್ದ. ಬುದ್ಧರು ಕಾಲು ತೊಳೆದು, ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸಿದರು. ಆ ನೀರನ್ನು ಚೆಲ್ಲಿದರು. ಪಾತ್ರೆಯನ್ನು ಮಗುಚಿದರು. ಗೊತ್ತಿದ್ದೂ ಸುಳ್ಳು ಹೇಳುವವನ ಬದುಕು ಹೇಗೆ ಬರಿದಾಗುತ್ತದೆ ಎಂಬುದನ್ನು ಹುಡುಗನಿಗೆ ಕಣ್ಣಿಗೆ ಕಾಣುವಂತೆ ತಿಳಿಸಿದರು. ಗದರಲಿಲ್ಲ, ಹೊಡೆಯಲಿಲ್ಲ. ಆಮೇಲೆ ಕೇಳಿದರು: ಕನ್ನಡಿ ಇರುವುದು ಯಾತಕ್ಕೆ? ನೋಡಿಕೊಳ್ಳುವುದಕ್ಕೆ ಎಂದ ರಾಹುಲ. ಹಾಗೆಯೇ ಯಾವುದೇ ಕೆಲಸವನ್ನು ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ಮೂರು ಸಲ ನೋಡಿಕೊ ಎಂದು ಹೇಳಿಕೊಟ್ಟರು. ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಈ ಮಾತುಗಳನ್ನು ಭಿಕ್ಷು, ಭಿಕ್ಷುಣಿಯರು ಮಾತ್ರವಲ್ಲ, ಉಪಾಸಕ, ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕು ಎಂದು ಅಶೋಕ ಚಕ್ರವರ್ತಿ ಬೈರಾಟ್ ಶಾಸನದಲ್ಲಿ ಹೆಸರಿಸಿ ಬರೆಸಿದ್ದಾನೆ. ಉಪಾಸಕ, ಉಪಾಸಿಕೆಯರೆಂದರೆ ನಾವೇ.

ಪೋಷಕರ ಸಭೆಗೆ ಬಂದ ತಾಯಂದಿರು ಹೇಳುವುದುಂಟು: "ಇವನಿಗೆ ಎಷ್ಟು ಹೇಳಿದರೂ ಅಷ್ಟೇ ಟೀಚರ್. ಇವನ ಹಣೆಬರಹ." ಬಂಧುಗಳೇ, ಹಣೆಬರಹವನ್ನು ನಾವು ದೀಕ್ಷೆಯ ದಿನವೇ ಬಿಟ್ಟು ಬಂದವರು. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ, ಕಾರಣ ಇಲ್ಲವಾದರೆ ಫಲವೂ ಇಲ್ಲವಾಗುತ್ತದೆ ಎಂಬುದು ಪ್ರತೀತ್ಯಸಮುತ್ಪಾದ. ಹಾಗಾದರೆ ಮಗುವಿನ ಮರೆವಿಗೂ ಕಾರಣವಿದೆ. ಅದನ್ನು ಹುಡುಕೋಣ.

ನಮ್ಮ ಇನ್ನಂಜೆ, ಶಂಕರಪುರದ ಕಡೆಯ ಬೆಳಗ್ಗೆಯನ್ನೇ ನೋಡಿ. ಮಲ್ಲಿಗೆ ಇರುವ ಮನೆಯಲ್ಲಿ ಬೆಳಕಾಗುತ್ತಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕೊಟ್ಟು ಬರಬೇಕು. ಬೀಡಿ ಕಟ್ಟುವ ಮನೆಯಲ್ಲಿ ಬ್ರ್ಯಾಂಚಿಗೆ ಹೋಗುವ ಅವಸರ. ಮಗು ಪುಸ್ತಕ ಹುಡುಕುವುದೂ ಅದೇ ಹೊತ್ತಿಗೆ. ಹೋಂವರ್ಕ್ ವಾಟ್ಸಾಪಿಗೆ ಬಂದಿರುತ್ತದೆ, ಮೊಬೈಲು ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿರುತ್ತದೆ. ಮಳೆಗಾಲದಲ್ಲಿ ಒಣಗದ ಯೂನಿಫಾರ್ಮ್, ಒದ್ದೆಯಾದ ನೋಟ್ಸು. ಇದರಲ್ಲಿ ಮಗುವಿನ ತಪ್ಪು ಎಷ್ಟು, ಹೊತ್ತಿನ ತಪ್ಪು ಎಷ್ಟು?

"ಅವರ ಮನೆಗಳಲ್ಲಿ ಶಿಸ್ತು ಎಲ್ಲಿಂದ ಬರಬೇಕು" ಎಂಬ ಮಾತನ್ನು ನಮ್ಮ ಮಕ್ಕಳ ಬಗ್ಗೆ ಆಡುವವರಿದ್ದಾರೆ. ಬೇರೆ ಮಗು ಪುಸ್ತಕ ಮರೆತರೆ ಮರೆವು, ನಮ್ಮ ಮಗು ಮರೆತರೆ ಅದು ಜಾತಿಗೆ ಅಂಟುತ್ತದೆ. ಆ ಮಾತು ಸುಳ್ಳು. ಮೊಗ್ಗು ಎಣಿಸಿ ಚೆಂಡು ಕಟ್ಟುವ ಕೈಗೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ತಪ್ಪದ ಕೈಗೆ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ. ಆ ಶಿಸ್ತು ಮಗುವಿನ ಚೀಲಕ್ಕೂ ಬರಬೇಕು, ಅಷ್ಟೇ.

ಬಾಬಾಸಾಹೇಬರ ಶಾಲೆಯ ಚೀಲದಲ್ಲಿ ಏನೇನಿತ್ತೋ, ಅದರ ಜೊತೆಗೆ ಇನ್ನೊಂದು ವಸ್ತುವನ್ನು ಅವರು ದಿನವೂ ಹೊರಬೇಕಿತ್ತು. ತರಗತಿಯಲ್ಲಿ ಕೂರಲು ಗೋಣಿತಟ್ಟು. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಮನೆಗೆ ಒಯ್ದು ಮರುದಿನ ತರುತ್ತಿದ್ದೆ ಎಂದು ಅವರೇ ಬರೆದಿದ್ದಾರೆ. ಮುಂದೆ ಮುಂಬಯಿಯಲ್ಲಿ ಇಡೀ ಸಂಸಾರಕ್ಕೆ ಚಾಳದ ಒಂದೇ ಕೋಣೆ. ತಂದೆ ರಾಮ್‌ಜಿಯವರು ಮಗನನ್ನು ಬೇಗ ಮಲಗಿಸಿ, ತಾವು ರಾತ್ರಿ 2 ಗಂಟೆಯವರೆಗೆ ಎಚ್ಚರವಿದ್ದು, ಓದಲು ಎಬ್ಬಿಸುತ್ತಿದ್ದರು. ಆ ಹೊತ್ತಿಗೆ ಕೋಣೆಯಲ್ಲಿ ಸದ್ದಿರುತ್ತಿರಲಿಲ್ಲ. ಜಾಗ ಇಲ್ಲದ ಮನೆಯಲ್ಲಿ ಆ ತಂದೆ ಹೊತ್ತನ್ನು ಹುಡುಕಿ ಕೊಟ್ಟರು. 1907ರಲ್ಲಿ ಮಗ ಮೆಟ್ರಿಕ್ ಪಾಸಾದ. ಕೆಳುಸ್ಕರ್ ಗುರುಗಳು ತಾವು ಬರೆದ ಬುದ್ಧಚರಿತ್ರೆಯನ್ನು ಆ ಹುಡುಗನ ಕೈಗಿಟ್ಟರು. 1956ರ ನಾಗಪುರದ ದೀಕ್ಷೆಗೆ ಹೋಗುವ ದಾರಿ ಅಲ್ಲಿಂದಲೇ ಶುರುವಾಗಿತ್ತು.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು ಇಷ್ಟು:

*1.* ಚೀಲಕ್ಕೆ ಒಂದು ಮೊಳೆ, ಪುಸ್ತಕಕ್ಕೆ ಒಂದು ರಟ್ಟಿನ ಪೆಟ್ಟಿಗೆ. ಬೇರೆ ಕೋಣೆ ಬೇಕಿಲ್ಲ, ಬದಲಾಗದ ಜಾಗ ಬೇಕು.

*2.* ಚೀಲ ತುಂಬುವುದು ರಾತ್ರಿ ಊಟಕ್ಕೆ ಮೊದಲು. ಬೆಳಗ್ಗೆ ಬೇಡವೇ ಬೇಡ. ವೇಳಾಪಟ್ಟಿ ಗೋಡೆಯ ಮೇಲಿರಲಿ. ಮಗುವೇ ಓದಲಿ, ಮಗುವೇ ತುಂಬಲಿ. ನಾವು ಪಕ್ಕದಲ್ಲಿ ಕೂತಿದ್ದರೆ ಸಾಕು. ನಾವೇ ತುಂಬಿಕೊಟ್ಟರೆ ಚೀಲ ತುಂಬುತ್ತದೆ, ಅಭ್ಯಾಸ ಹುಟ್ಟುವುದಿಲ್ಲ.

*3.* ರಾಹುಲನ ಕನ್ನಡಿ ಇಲ್ಲೂ ಇರಲಿ. ತುಂಬುವ ಮೊದಲು: ನಾಳೆ ಏನು ಬೇಕು? ತುಂಬುವಾಗ: ಈಗ ಯಾವುದು ಹಾಕಿದೆ? ಮರುದಿನ ಸಂಜೆ: ಏನು ಸರಿಯಾಯಿತು, ಏನು ಬಿಟ್ಟುಹೋಯಿತು? "ಮರೆತೆ" ಎಂದು ಮಗು ನಿಜ ಹೇಳಿದ ದಿನ ಬೈಯಬೇಡಿ. ಆ ದಿನ ಅದು ನಾಲ್ಕನೆಯ ಶೀಲವನ್ನು ಪಾಲಿಸಿದೆ.

*4.* ಮಳೆಗಾಲದಲ್ಲಿ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲಕ್ಕೆ ಹಾಕಲಿ.

*5.* ದೊಡ್ಡವರ ಪಾಲಿನದು ಒಂದು ಫೈಲು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲ ಅದರಲ್ಲಿರಲಿ. ಬೌದ್ಧರಾದ ಪರಿಶಿಷ್ಟರಿಗೂ ಪರಿಶಿಷ್ಟ ಜಾತಿಯ ಮಾನ್ಯತೆ 1990ರಲ್ಲಿ ಸಿಕ್ಕಿತು. ಅಷ್ಟು ಕಾದು ಪಡೆದ ಹಕ್ಕು, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಕಾಗದ ಸಿಗದೆ ತಪ್ಪಿಹೋಗಬಾರದು. ಮಗುವಿಗೆ ಚೀಲ ಹೇಗೋ ನಮಗೆ ಈ ಫೈಲು ಹಾಗೆ.

ಬುದ್ಧರು ಕೊನೆಯ ಗಳಿಗೆಯಲ್ಲೂ ಶಿಷ್ಯರಿಗೆ ಹೇಳಿದ್ದು ಅಪ್ಪಮಾದ, ಅಂದರೆ ಎಚ್ಚರ ತಪ್ಪದೆ ನಡೆಯುವುದು. ಅದು ಧ್ಯಾನಕ್ಕೆ ಕೂತಾಗ ಮಾತ್ರದ ಮಾತಲ್ಲ. ಎರಡು ಪೆನ್ಸಿಲು, ಒಂದು ನೋಟ್ಸು, ಒಂದು ನೀರಿನ ಬಾಟಲಿಯನ್ನು ನೆನಪಿನಿಂದ ಜೋಡಿಸುವ ಮಗು ಅಪ್ಪಮಾದದ ಮೊದಲ ಪಾಠ ಕಲಿಯುತ್ತಿದೆ.

ಇಂದು ರಾತ್ರಿ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ. ಈ ಸಂದೇಶವನ್ನು ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್ 🙏

– ಬಳಗದ ಒಬ್ಬ ಶಿಕ್ಷಕಿ, ಇನ್ನಂಜೆ