ಯಾರೂ ಹೇಳದ ಕೆಲಸ

ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಮುಂದಕ್ಕೆ ಹೋಗುವಾಗ ಅರ್ಧ ಗೆರೆ ಮಾತ್ರ ಕಾಣುತ್ತದೆ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಮತ್ತೆ ನಾಲ್ಕು ಮೇಲೆ. ಬಟ್ಟೆಯ ಮೇಲೆ ಇರುವೆ ಸಾಲಿನಂತೆ ತುಂಡು ತುಂಡಾದ ಗೆರೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗಿ, ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು ಬರಬೇಕು. ಆಗ ಗೆರೆ ಕೂಡುತ್ತದೆ. ಬಟ್ಟೆ ಮಗುಚಿ ನೋಡಿದರೆ ಹಿಂದೆಯೂ ಅದೇ ಗೆರೆ, ಅದೇ ಚಿತ್ತಾರ. ಗಂಟು ಹಾಕುವಂತಿಲ್ಲ, ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳುವಂತಿಲ್ಲ. ಎಳೆ ಎಣಿಸಿಕೊಂಡೇ ಗೋಪುರ ಏಳಬೇಕು, ತೇರು ಮೂಡಬೇಕು, ಅಂಬಾರಿ ಹೊತ್ತ ಆನೆ ನಡೆಯಬೇಕು.

ನಾನು ಇದನ್ನು ಕಲಿಯಲು ಕುಳಿತಾಗ ನನಗೆ 46 ವರ್ಷ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು, ಕಸೂತಿಯ ಸೀರೆಗಳನ್ನು ಕಣ್ತುಂಬ ನೋಡಿದವಳು, ಸೂಜಿ ಮಾತ್ರ ಹಿಡಿದಿರಲಿಲ್ಲ. ಮಕ್ಕಳಿಬ್ಬರೂ ಹಾಸ್ಟೆಲಿಗೆ ಹೋಗಿಯಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಕಚೇರಿಯ ಕೆಲಸ, ಆಮೇಲೆ ಅಡುಗೆ, ಆಮೇಲೆ ನಿದ್ದೆ ಬರುವ ತನಕ ಕೈಯಲ್ಲಿ ಫೋನು. ದಿನವಿಡೀ ದುಡಿದಿರುತ್ತಿದ್ದೆ. ಆದರೂ ರಾತ್ರಿ ಮಲಗುವಾಗ, ಇವತ್ತು ನಾನಾಗಿ ಬಯಸಿ ಮಾಡಿದ್ದು ಏನು ಎಂದು ಕೇಳಿಕೊಂಡರೆ ತೋರಿಸಲು ಒಂದೂ ಇರುತ್ತಿರಲಿಲ್ಲ. ಮಾಡಿದ್ದೆಲ್ಲ ಯಾರೋ ಹೇಳಿದ್ದು, ಯಾರಿಗೋ ಬೇಕಾದದ್ದು. ದಣಿವಿಗಿಂತ ಹೆಚ್ಚಾಗಿ ಇದೇ ನನ್ನನ್ನು ಸೊರಗಿಸುತ್ತಿತ್ತು.

ಎದುರುಮನೆಯ ಆಯಿಗೆ ಎಂಬತ್ತರ ಮೇಲೆ ವಯಸ್ಸು. ಅವರ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆಯಿದೆ. ಕಪ್ಪು ಒಡಲು, ಇಳಕಲ್ಲಿನ ಕೆಂಪು ಸೆರಗು, ಮೈತುಂಬ ಕಸೂತಿ. ಅದನ್ನು ಬಿಸಿಲಿಗೆ ಹಾಕಿದ ದಿನ ನಾನು ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೇಲು ಯಾವುದು, ಕೆಳಗು ಯಾವುದು ಎಂದು ಗೊತ್ತಾಗಲಿಲ್ಲ. ‘ಆಯಿ, ನನಗ ಕಲಿಸ್ತೀರೇನು?’ ಎಂದು ಕೇಳಿಯೇಬಿಟ್ಟೆ. ಆಯಿ ನನ್ನ ಮುಖ ನೋಡಿ, ‘ನಾಳೆ ಮ್ಯಾಟಿ ಬಟ್ಟಿ ತಗೊಂಬಾ’ ಎಂದರು.

ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ. ನಾನು ಗವಂತಿಯಲ್ಲಿ ಒಂದು ತುಳಸಿಕಟ್ಟೆ ಮಾಡಲು ಹೊರಟೆ. ಅಂಗೈಯಗಲದ ಚಿತ್ತಾರ. ಮೂರು ಸಂಜೆ ಹಾಕಿ ಕಟ್ಟೆಯ ಮೇಲಿನ ಮೆಟ್ಟಿಲವರೆಗೆ ಬಂದೆ. ಆದರೆ ಎಡಗಡೆಯ ಗೆರೆ ಬಲಗಡೆಯ ಗೆರೆಗೆ ಕೂಡಲಿಲ್ಲ, ಒಂದು ಎಳೆಯಷ್ಟು ಅಂತರ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಹೇಗೋ ಕೂಡಿಸಿದರಾಯಿತು ಎಂದುಕೊಂಡೆ. ಆಯಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನ ತುದಿಯಲ್ಲಿ ಎಳೆ ಎಣಿಸುತ್ತ ಕೆಳಕ್ಕಿಳಿದರು. ಮೊದಲ ಸಂಜೆ ಹಾಕಿದ ಮೂರನೆಯ ಹೊಲಿಗೆಯ ಹತ್ತಿರ ಬೆರಳು ನಿಂತಿತು. ಅಲ್ಲಿ ನಾಲ್ಕರ ಬದಲು ಐದು ಎಳೆ ಎತ್ತಿದ್ದೆ.

‘ಬಿಚ್ಚವ್ವಾ ತಂಗಿ’ ಎಂದರು. ‘ಇಲ್ಲೇ ಬಿಚ್ಚಿದ್ರ ಮೂರು ದಿನದ್ದು ಹೋಗತೈತಿ. ಮುಂದ ಹೋದಂಗ ಹೋದಂಗ ಬಿಚ್ಚೋದು ಇನ್ನೂ ಹೆಚ್ಚಾಗತೈತಿ.’

ಬಿಚ್ಚಿದೆ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಬಿಚ್ಚುವಾಗ ಬೇಸರವಾಗಲಿಲ್ಲ. ಕೆಲಸದ ಜಾಗದಲ್ಲಿ ತಪ್ಪಾದರೆ ಮೊದಲು ಬರುವುದು ಹೆದರಿಕೆ. ಯಾರು ನೋಡಿದರು, ಏನು ಅಂದಾರು ಎಂಬ ಚಿಂತೆ. ಇಲ್ಲಿ ಹೆದರಬೇಕಾದವರು ಯಾರೂ ಇರಲಿಲ್ಲ. ಎಳೆ ತಪ್ಪಿತ್ತು, ಸರಿಪಡಿಸಬೇಕಿತ್ತು, ಅಷ್ಟೇ. ತಪ್ಪನ್ನು ಬರೀ ತಪ್ಪಾಗಿ ನೋಡುವ ಆ ಬಿಡುಗಡೆ ನನಗೆ ಬಹಳ ವರ್ಷಗಳ ಮೇಲೆ ಸಿಕ್ಕಿತ್ತು. ಎರಡನೆಯ ಸಲ ಕಟ್ಟೆ ಕೂಡಿಕೊಂಡ ರಾತ್ರಿ ನಾನು ಆ ಬಟ್ಟೆಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ.

ನಮ್ಮದೇ ಎಂದು ಹಿಡಿದ ಕೆಲಸದ ಬಗ್ಗೆ ಯೋಚಿಸುವಾಗ ನನಗೆ ಮತ್ತೆ ಮತ್ತೆ ನೆನಪಾಗುವವರು ಅಮೈ ಮಹಾಲಿಂಗ ನಾಯ್ಕರು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಕಡೆಯವರು. ಅಡಿಕೆ, ತೆಂಗಿನ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುಡ್ಡದ ಮೇಲೆ ಎರಡು ಎಕರೆ ಜಾಗ ಸಿಕ್ಕಿತು, ನೀರು ಮಾತ್ರ ಇರಲಿಲ್ಲ. ಹಗಲು ಕೂಲಿ ಮುಗಿಸಿ ಬಂದು, ಗುಡ್ಡದ ಒಡಲಿಗೆ ಒಬ್ಬರೇ ಅಡ್ಡಕ್ಕೆ ಸುರಂಗ ಕೊರೆಯತೊಡಗಿದರು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ನೀರಿಗಾಗಿ ಹೀಗೆ ಸುರಂಗ ತೋಡುವುದು ಹಳೆಯ ಪದ್ಧತಿ. ಮೊದಲ ಐದು ಸುರಂಗಗಳು ಒಣಗಿಯೇ ಉಳಿದವು. ವರ್ಷಗಳು ಹೋದವು, ಜನ ನಕ್ಕರು. ಅವರು ಬಿಡಲಿಲ್ಲ, ನೀರು ತಂದೇ ತಂದರು. ಬೋಳುಗುಡ್ಡದ ಮೇಲೆ ಅಡಿಕೆ, ತೆಂಗು, ಬಾಳೆ ಎದ್ದವು. 2022ರಲ್ಲಿ ಪದ್ಮಶ್ರೀ ಬಂತು.

ಅವರದು ಬದುಕಿನ ಅಗತ್ಯ, ನನ್ನದು ಮನಸ್ಸಿನ ಅಗತ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ಕೂಲಿಯ ಕೆಲಸ ಮುಗಿದ ಮೇಲೆ ಗುದ್ದಲಿ ಹಿಡಿಯಲು ಅವರಿಗೆ ಯಾರೂ ಹೇಳಿರಲಿಲ್ಲ. ಐದನೆಯದರಲ್ಲೂ ನೀರು ಸಿಗದಾಗ ಆರನೆಯದಕ್ಕೆ ಗುರುತು ಹಾಕಲೂ ಯಾರೂ ಹೇಳಿರಲಿಲ್ಲ. ನಮಗೆ ನಾವೇ ಒಪ್ಪಿಸಿಕೊಂಡ ಕೆಲಸ ಮನುಷ್ಯನನ್ನು ಎಷ್ಟು ದೂರ ಕರೆದುಕೊಂಡು ಹೋಗಬಲ್ಲದು ಎಂಬುದಕ್ಕೆ ಆ ಆರನೆಯ ಗುರುತಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಮೂಡಿಗೆರೆಯಲ್ಲಿ ಲೇಖಕ ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದದ್ದು, ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಪುಸ್ತಕ ಕೊಂಡು ಕೊಂಡು ಲಕ್ಷಗಟ್ಟಲೆ ಪುಸ್ತಕಗಳ ಮನೆ ಕಟ್ಟಿದ್ದು, ಇವೂ ಇದೇ ಜಾತಿಯ ಕೆಲಸಗಳು. ದೊಡ್ಡದಾದ ಮೇಲೆ ಲೋಕ ಕಂಡಿತು. ಶುರುವಾದದ್ದು ಒಬ್ಬರ ಆಸೆಯಲ್ಲಿ.

ನನ್ನ ತುಳಸಿಕಟ್ಟೆಯ ಫೋಟೋವನ್ನು ತಂಗಿ ವಾಟ್ಸಾಪ್ ಗುಂಪಿಗೆ ಹಾಕಿದಳು. ಎರಡೇ ದಿನದಲ್ಲಿ ನಾಲ್ಕು ಜನ ಬ್ಲೌಸಿಗೆ ಹಾಕಿಕೊಡಿ, ದುಡ್ಡು ಎಷ್ಟಾದರೂ ಕೊಡುತ್ತೇವೆ ಎಂದರು. ಒಂದನ್ನು ಒಪ್ಪಿಕೊಂಡೆ. ತಾರೀಕು ಗೊತ್ತಾಯಿತು, ಬಣ್ಣ ಅವರು ಹೇಳಿದ್ದು, ಚಿತ್ತಾರ ಅವರು ಆರಿಸಿದ್ದು. ಹದಿನೈದು ದಿನ ಸೂಜಿ ಹಿಡಿದರೆ ಕುತ್ತಿಗೆ ನೋವು. ಒಪ್ಪಿಸಿ ದುಡ್ಡು ಎಣಿಸಿಕೊಂಡ ಮೇಲೆ ಒಂದು ತಿಂಗಳು ಸೂಜಿದಾರದ ಡಬ್ಬಿ ತೆರೆಯಲಿಲ್ಲ.

1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನವಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು, ಕೊಟ್ಟರು. ಕೆಲವು ದಿನಗಳ ಮೇಲೆ ನೋಡಿದರೆ, ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ನನ್ನ ಆ ಒಂದು ತಿಂಗಳು ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಕಸೂತಿಯಿಂದಲೇ ಮನೆ ನಡೆಸುವ ಹೆಣ್ಣುಮಕ್ಕಳು ನಮ್ಮೂರಲ್ಲಿ ಬಹಳ ಮಂದಿ ಇದ್ದಾರೆ, ಅವರ ಕೈಗೆ ಇನ್ನೂ ಹೆಚ್ಚು ಬೆಲೆ ಸಿಗಬೇಕು. ನನ್ನಂತೆ ಬೇರೆ ಸಂಬಳ ಇರುವವರು ಮಾತ್ರ ಆಸೆಯ ಕೆಲಸವನ್ನು ಬೇಗ ಅಂಗಡಿಗೆ ಇಡಬಾರದು ಎಂದು ನನಗನ್ನಿಸುತ್ತದೆ. ಈಗ ಯಾರಾದರೂ ಕೇಳಿದರೆ ಅಂಥ ಹೆಣ್ಣುಮಕ್ಕಳ ನಂಬರ್ ಕೊಡುತ್ತೇನೆ.

ಸಮಯದ ಮಾತು ಬಂದಾಗ ಹೆಂಗಸರಿಗೆ ಇನ್ನೊಂದು ತೊಡಕಿದೆ. ಮನೆಯವರಿಗಾಗಿ ಎರಡು ತಾಸು ಚಕ್ಕುಲಿ ಒತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ನನಗಾಗಿ ಮುಕ್ಕಾಲು ತಾಸು ಕುಳಿತರೆ ನನ್ನ ಮನಸ್ಸೇ ಒಪ್ಪುವುದಿಲ್ಲ. ಪಾತ್ರೆ ಬಿದ್ದಿವೆ, ನಾಳೆಯ ಕಾಳು ನೆನೆಹಾಕಿಲ್ಲ ಎಂದು ಒಳಗೊಳಗೇ ಚುಚ್ಚುತ್ತದೆ. ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ: ರಾತ್ರಿ ಎಂಟೂವರೆಯಿಂದ ಒಂಬತ್ತೂಕಾಲು ನನ್ನದು. ನಮ್ಮವರು, ‘ಆಗಲಿ, ಪಾತ್ರೆ ನಾನು ನೋಡ್ಕೋತೀನಿ’ ಎಂದರು. ಇಷ್ಟು ಸುಲಭವಿತ್ತೇ ಎನ್ನಿಸಿತು. ಕೇಳುವುದಕ್ಕೇ ಇಪ್ಪತ್ತು ವರ್ಷ ತೆಗೆದುಕೊಂಡಿದ್ದೆ.

ಸೂಜಿದಾರದ ಡಬ್ಬಿಯನ್ನು ಈಗ ಕಪಾಟಿನಲ್ಲಿ ಇಡುವುದಿಲ್ಲ. ಸೂಜಿಗೆ ದಾರ ಪೋಣಿಸಿ, ಮೇಜಿನ ಮೇಲೆ ಕಣ್ಣೆದುರಿಗೇ ಬಿಟ್ಟಿರುತ್ತೇನೆ. ಹುಡುಕುವ, ಪೋಣಿಸುವ ಕೆಲಸ ಬಾಕಿಯಿದ್ದರೆ ಕೈ ಮತ್ತೆ ಫೋನಿನ ಕಡೆಗೇ ಹೋಗುತ್ತದೆ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಆ ದಿನ ಮಾಡಿದ್ದನ್ನು ಒಂದು ಸಾಲು ಬರೆಯುತ್ತೇನೆ. ‘ಗೋಪುರದ ಎರಡನೆಯ ಅಂತಸ್ತು, ಹೋಗುವ ಗೆರೆ.’ ‘ಏನೂ ಆಗಲಿಲ್ಲ, ಕಣ್ಣು ನೋವು.’ ಏನೂ ಆಗದ ದಿನವನ್ನೂ ಬರೆಯುತ್ತೇನೆ. ಸಂಶೋಧಕರಾದ ಟೆರೆಸಾ ಅಮಾಬೈಲ್ ಮತ್ತು ಸ್ಟೀವನ್ ಕ್ರೇಮರ್ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಓದಿ 2011ರಲ್ಲಿ ಒಂದು ಪುಸ್ತಕ ತಂದರು. ಅರ್ಥವಿದೆ ಅನ್ನಿಸುವ ಕೆಲಸದಲ್ಲಿ ಚೂರು ಮುಂದೆ ಸಾಗಿದ ದಿನವೇ ಜನರಿಗೆ ಉತ್ಸಾಹದ ದಿನವಾಗಿತ್ತು ಎಂಬುದು ಅವರು ಕಂಡದ್ದು. ಆ ಚೂರು ಕಣ್ಣಿಗೆ ಕಾಣಬೇಕಾದರೆ ಬರೆದಿಡಬೇಕು. ತಿಂಗಳ ಕೊನೆಗೆ ಆ ಸಾಲುಗಳನ್ನು ಓದುವಾಗ, ಸುಮ್ಮನೆ ಕಳೆದುಹೋಯಿತು ಎಂದುಕೊಂಡ ದಿನಗಳು ಕೈಗೆ ಮರಳಿ ಸಿಕ್ಕಂತಾಗುತ್ತದೆ.

ಇದರಿಂದ ಏನು ಸಿಕ್ಕಿತು ಎಂದು ಮಗಳು ಒಮ್ಮೆ ಕೇಳಿದಳು. ನಾನು ಆಫೀಸಿನಲ್ಲಿ ಈಗ ಬೇಗ ಸಿಟ್ಟಾಗುವುದಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೇ. ಆದರೆ ಅವಳಿಗೆ ಹೇಳಿದ್ದು ಬೇರೆ: ಸಂಜೆ ನಾಲ್ಕರ ಹೊತ್ತಿಗೆ ಮನಸ್ಸು ತನ್ನಷ್ಟಕ್ಕೆ ತಾನೇ ಮುಂದಿನ ಹೊಲಿಗೆಯನ್ನು ಎಣಿಸತೊಡಗುತ್ತದೆ, ಮನೆಗೆ ಹೋಗಲು ನನಗೊಂದು ಕಾರಣ ಇರುತ್ತದೆ.

ಈಗ ಕೈಯಲ್ಲಿರುವುದು ಒಂದು ಇಳಕಲ್ ಸೀರೆ. ಮಗಳಿಗೆಂದೂ ಅಲ್ಲ, ಮದುವೆಗೆಂದೂ ಅಲ್ಲ, ನಾನೇ ಉಡುವುದಕ್ಕೆ. ಸೆರಗಿಗೆ ಏಳು ಗೋಪುರ ಎಂದುಕೊಂಡಿದ್ದೇನೆ, ನಾಲ್ಕನೆಯದು ನಡೆದಿದೆ. ವಾರಕ್ಕೊಮ್ಮೆ ಅದನ್ನು ಹೊತ್ತುಕೊಂಡು ಆಯಿಯ ಮನೆಗೆ ಹೋಗುತ್ತೇನೆ. ಅವರ ಕಣ್ಣು ಈಗ ಮಂಜಾಗಿದೆ, ಎಳೆ ಕಾಣುವುದಿಲ್ಲ. ಮೊನ್ನೆ ಬಟ್ಟೆಯ ಕೆಳಗೊಂದು ಮೇಲೊಂದು ಬೆರಳಿಟ್ಟು, ಎರಡರ ನಡುವೆ ಗೆರೆಯನ್ನು ನಿಧಾನವಾಗಿ ಸವರುತ್ತ ಹೋದರು. ಕಳಸದ ಹತ್ತಿರ ಬೆರಳು ನಿಂತಿತು. ನನ್ನ ಎದೆ ಧಸಕ್ಕೆಂದಿತು.

‘ಇದು ಹೋಗೋ ಗೆರೆ ಏನು?’

‘ಹೌದು ಆಯಿ. ವಾಪಸ್ ಬರೋದು ಇವತ್ತು ರಾತ್ರಿ.’

‘ಹಂಗಾರ ಸರಿ ಐತಿ’ ಎಂದು ಸೀರೆಯನ್ನು ಮಡಚಿ ನನ್ನ ಕೈಗಿಟ್ಟರು.