ಕುರುಡನ ಹೆಗಲು, ಕುಂಟನ ದನಿ

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಹಿಂದೆ ಸರಿದಾಗ ಹಂಪಸಾಗರದ ಕಡೆ ಕುರಿಮಂದೆಗಳು ಹಸಿ ನೆಲಕ್ಕೆ ಇಳಿಯುತ್ತವೆ. ಮಂದೆಯೊಳಗೆ ಕಣ್ಣಿಟ್ಟು ನೋಡಿದರೆ ಎಲ್ಲ ಕುರಿಗಳ ಕಿವಿಯೂ ಒಂದೇ ತೆರನಾಗಿಲ್ಲ. ಕೆಲವಕ್ಕೆ ಕಿವಿಯ ತುದಿ ಕತ್ತರಿಸಿದೆ, ಕೆಲವಕ್ಕೆ ಅಂಚಿನಲ್ಲಿ ಒಂದು ಸೀಳು. ಅದು ಒಡೆಯರ ಗುರುತು. ಕುರಿಗಾರನ ಸ್ವಂತ ಕುರಿಗಳ ಜೊತೆಗೆ ಪಾಲಿನ ಕುರಿಗಳೂ ಅಲ್ಲಿ ಮೇಯುತ್ತಿರುತ್ತವೆ. ಊರಿನ ಅಂಗಡಿಯವರೋ ನೌಕರಿಯವರೋ ದುಡ್ಡು ಹಾಕಿ ಕುರಿ ಕೊಡಿಸುತ್ತಾರೆ. ಬಿಸಿಲು, ಮಳೆ, ತೋಳ, ರೋಗ ಎಲ್ಲವೂ ಕುರಿಗಾರನ ಪಾಲಿಗೆ. ಹುಟ್ಟಿದ ಮರಿಗಳಲ್ಲಿ ಸಾಮಾನ್ಯವಾಗಿ ಅರ್ಧ ಇವರಿಗೆ, ಅರ್ಧ ಅವರಿಗೆ.

ದುಡ್ಡಿಲ್ಲದವನಿಗೆ ಮಂದೆ ಕಟ್ಟಲು ಇದೊಂದು ದಾರಿ, ಮರ್ಯಾದೆಯ ದಾರಿಯೂ ಹೌದು. ಆದರೆ ದುಡ್ಡು ಹಾಕಿದವನಿಗೇ ಇನ್ನೊಂದು ಮಂದೆಯಿದ್ದು, ಎರಡು ಮಂದೆಗಳೂ ಒಂದೇ ಹುಲ್ಲಿಗೆ ಇಳಿಯುವಂತಿದ್ದರೆ? ಹುಲ್ಲು ಕಡಿಮೆಯಾದ ವರ್ಷ ಕುರಿಗಾರ ಯಾರ ಮಾತು ಕೇಳಬೇಕು?

2025ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಚಿಪ್‌ಗಳ ಲೋಕದಲ್ಲಿ ಎದ್ದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಎನ್ವಿಡಿಯಾ ಕಂಪನಿ ತನ್ನ ಹಳೆಯ ಎದುರಾಳಿ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಜಪಾನಿನ ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಹಾಕಲು ಒಪ್ಪಿತ್ತು. ಅಮೆರಿಕ ಸರ್ಕಾರವೇ 890 ಕೋಟಿ ಡಾಲರ್‌ಗೆ ಇಂಟೆಲ್‌ನ ಸುಮಾರು ಹತ್ತನೇ ಒಂದು ಪಾಲು ಪಡೆಯಲು ಮುಂದಾಗಿತ್ತು. ಹೊರಗಿನ ದುಡ್ಡು ಬಂದ ಮೇಲೆ ದುಡಿಮೆ ಯಾರದು, ಪೈಪೋಟಿ ಪೈಪೋಟಿಯಾಗಿಯೇ ಉಳಿಯುತ್ತದೆಯೇ? ಶೇರುಪೇಟೆಯವರಷ್ಟೇ ಕೂತು ಬಿಡಿಸುವ ಲೆಕ್ಕ ಇದಲ್ಲ. ನಮ್ಮ ದರ್ಶನಕಾರರು ಇದರ ಬೇರನ್ನು ಬಹಳ ಹಿಂದೆಯೇ ಕೆದಕಿದ್ದಾರೆ.

ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಒಂದು ಹೋಲಿಕೆ ಬರುತ್ತದೆ. ಪುರುಷ, ಅಂದರೆ ಚೇತನ, ನೋಡಬಲ್ಲ, ನಡೆಯಲಾರ. ಪ್ರಕೃತಿ, ಅಂದರೆ ಜಗತ್ತಿನ ಮೂಲದ್ರವ್ಯ, ನಡೆಯಬಲ್ಲಳು, ನೋಡಲಾರಳು. ಕುಂಟ ಕುರುಡನ ಹೆಗಲೇರಿದಂತೆ ಇಬ್ಬರೂ ಕೂಡಿದಾಗ ಲೋಕ ನಡೆಯುತ್ತದೆ. ಬಂಡವಾಳಕ್ಕೂ ದುಡಿಮೆಗೂ ಇದಕ್ಕಿಂತ ಹತ್ತಿರದ ಚಿತ್ರ ಸಿಗುವುದು ಕಷ್ಟ. ದುಡ್ಡು ತಾನಾಗಿ ಒಂದು ಹೆಜ್ಜೆಯನ್ನೂ ಇಡಲಾರದು. ದುಡಿಯುವವನಿಗೆ ಕಾಲಿದೆ, ಆದರೆ ದೂರದ ದಾರಿಗೆ ಬುತ್ತಿಯಿಲ್ಲ.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಈ ಹೋಲಿಕೆಯನ್ನು ಹಾಗೇ ಬಿಡಲಿಲ್ಲ. ಪುರುಷ ಉದಾಸೀನ, ಏನನ್ನೂ ಮಾಡುವವನಲ್ಲ ಎಂದು ಸಾಂಖ್ಯರಾದ ನೀವೇ ಹೇಳುತ್ತೀರಿ. ಹಾಗಿದ್ದರೆ ಅವನು ಪ್ರಕೃತಿಯನ್ನು ನಡೆಸುವುದು ಹೇಗೆ? ಕುಂಟನಾದರೋ ಬಾಯಿಬಿಟ್ಟು ದಾರಿ ಹೇಳಿ ಕುರುಡನನ್ನು ನಡೆಸುತ್ತಾನೆ. ಅವರ ಆಕ್ಷೇಪದ ತಿರುಳು ಇದು. ಚಿಪ್ ಕಂಪನಿಗಳ ಒಪ್ಪಂದಗಳನ್ನು ಓದುವಾಗ ಇದೇ ಆಕ್ಷೇಪ ಮತ್ತೆ ಮತ್ತೆ ನೆನಪಾಗುತ್ತದೆ. ಹೆಗಲೇರಿದ ದುಡ್ಡು ನಿಜವಾಗಿಯೂ ಸುಮ್ಮನಿರುತ್ತದೆಯೇ, ಇಲ್ಲಾ ಅದಕ್ಕೊಂದು ದನಿಯಿದೆಯೇ? ಇದ್ದರೆ, ಎಲ್ಲಿಯವರೆಗೆ?

ಮೊದಲು ದುಡ್ಡು ಉಳಿಸಿದ ಕಥೆ. 1982ರಲ್ಲಿ ಇಂಟೆಲ್ ಕಷ್ಟದಲ್ಲಿದ್ದಾಗ ಅದರ ದೊಡ್ಡ ಗಿರಾಕಿ ಐಬಿಎಂ 25 ಕೋಟಿ ಡಾಲರ್ ಕೊಟ್ಟು ಶೇ 12ರಷ್ಟು ಪಾಲು ಕೊಂಡಿತು. ತನ್ನ ಕಂಪ್ಯೂಟರಿಗೆ ಚಿಪ್ ಒಂದೇ ಅಂಗಡಿಯಿಂದ ಬರಬಾರದು, ಎರಡನೆಯ ತಯಾರಕನೂ ಇರಬೇಕು ಎಂಬುದು ಅದೇ ಐಬಿಎಂನ ಪಟ್ಟು. ಅದೇ ವರ್ಷ ಇಂಟೆಲ್ ತನ್ನ ಚಿಪ್‌ಗಳನ್ನು ತಯಾರಿಸುವ ಹಕ್ಕನ್ನು ಎಎಂಡಿಗೂ ಕೊಟ್ಟು ಒಪ್ಪಂದ ಮಾಡಿಕೊಂಡಿತು. ಒಂದೇ ಗಿರಾಕಿ ಒಂದು ಕೈಯಲ್ಲಿ ಇಂಟೆಲ್‌ಗೆ ಉಸಿರು ಕೊಟ್ಟ, ಇನ್ನೊಂದು ಕೈಯಲ್ಲಿ ಅದರ ಎದುರಾಳಿಗೆ ಬಾಗಿಲು ತೆರೆಸಿದ. ಕೆಲವೇ ವರ್ಷಗಳಲ್ಲಿ ಐಬಿಎಂ ತನ್ನ ಪಾಲು ಮಾರಿ ಹೊರಬಂತು. ಪೈಪೋಟಿ ಮಾತ್ರ ಉಳಿಯಿತು. ಇವತ್ತು ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಬಂದ ತಂದೆ ಎರಡು ಹೆಸರು ಹಿಡಿದು ದರ ಕೇಳಬಹುದು.

ಎಎಂಡಿಯ ಸ್ವಂತ ಕಥೆ ಇನ್ನೂ ಗಂಭೀರ. 2006ರಲ್ಲಿ 540 ಕೋಟಿ ಡಾಲರ್‌ಗೆ ಗ್ರಾಫಿಕ್ಸ್ ಚಿಪ್ ಮಾಡುವ ಎಟಿಐ ಕಂಪನಿಯನ್ನು ಕೊಂಡು ಅದು ಸಾಲದಲ್ಲಿ ಮುಳುಗಿತ್ತು. 2007ರ ನವೆಂಬರ್‌ನಲ್ಲಿ ಅಬುಧಾಬಿ ಸರ್ಕಾರದ ಹೂಡಿಕೆ ಸಂಸ್ಥೆ ಮುಬಾದಲಾ 62.2 ಕೋಟಿ ಡಾಲರ್ ಹಾಕಿ ಶೇ 8.1ರ ಪಾಲು ಪಡೆಯಿತು. 2009ರಲ್ಲಿ ಎಎಂಡಿಯ ಕಾರ್ಖಾನೆಗಳು ಅಬುಧಾಬಿಯ ಹಣದಲ್ಲಿ ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಕಂಪನಿಯಾದವು. ಚಿಪ್ ಕಾರ್ಖಾನೆಯೆಂದರೆ ಸಾವಿರಾರು ಕೋಟಿಯನ್ನು ನುಂಗಿಯೂ ಹೊಟ್ಟೆ ತುಂಬದ ಒಲೆ. ಆ ಒಲೆಯನ್ನು ಬೇರೆಯವರ ಮನೆಗೆ ಸಾಗಿಸಿದ್ದರಿಂದ ಎಎಂಡಿ ಬದುಕಿತು.

ಆದರೆ ಹೆಗಲೇರಿದ ದುಡ್ಡು ಮಾತಾಡತೊಡಗಿತ್ತು. ಚಿಪ್‌ಗಳನ್ನು ಅದೇ ಕಾರ್ಖಾನೆಯಲ್ಲಿ ಮಾಡಿಸಬೇಕು ಎಂಬ ಒಪ್ಪಂದ ಎಎಂಡಿಯ ಕೊರಳಿಗಿತ್ತು. 2012ರಲ್ಲಿ ಆ ಗಂಟನ್ನು ಒಂದಿಷ್ಟು ಸಡಿಲಿಸಲು 42.5 ಕೋಟಿ ಡಾಲರ್ ತೆತ್ತು, ಗ್ಲೋಬಲ್‌ಫೌಂಡ್ರೀಸ್‌ನಲ್ಲಿ ತನಗೆ ಉಳಿದಿದ್ದ ಪಾಲನ್ನೂ ಅದು ಬಿಟ್ಟುಕೊಟ್ಟಿತು. 2016ರಲ್ಲಿ ಬೇರೆ ಕಡೆ ಚಿಪ್ ಮಾಡಿಸಿಕೊಳ್ಳುವ ಅನುಮತಿಗೆ ಮತ್ತೆ 10 ಕೋಟಿ ಡಾಲರ್, ಜೊತೆಗೆ ತನ್ನ 7.5 ಕೋಟಿ ಶೇರುಗಳನ್ನು ತಲಾ 5.98 ಡಾಲರ್‌ಗೆ ಕೊಳ್ಳುವ ಹಕ್ಕನ್ನು ಮುಬಾದಲಾಗೆ ಕೊಟ್ಟಿತು. 2017ರಲ್ಲಿ ಎಎಂಡಿಯ ರೈಜೆನ್ ಚಿಪ್ ಬಂದು ಇಂಟೆಲ್ ಬೆವರಿತು. 2019ರಲ್ಲಿ ಮುಬಾದಲಾ ತನ್ನ ಹಕ್ಕು ಚಲಾಯಿಸಿ ಆ ಶೇರುಗಳನ್ನು ಪಡೆಯಿತು. ಅದೇ ವರ್ಷ ಎಎಂಡಿಯ ಹೊಸ ಚಿಪ್‌ಗಳು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಿಂದ ಬಂದವು. ಕಾಪಾಡಿದ ಕೈಗೆ ಬೆಲೆ ಕೊಟ್ಟು, ಕಂತು ಕಂತಾಗಿ ಎಎಂಡಿ ತನ್ನ ಹೆಗಲನ್ನು ಬಿಡಿಸಿಕೊಂಡಿತ್ತು. ಇದರಲ್ಲಿ ಮೋಸವಿಲ್ಲ. ಬೆಲೆ ಕಾಗದದ ಮೇಲೆಯೇ ಇತ್ತು, ಇಳಿಯುವ ದಾರಿಯೂ ಇತ್ತು. ಅಬುಧಾಬಿಗೆ ಬೇಕಿದ್ದುದು ಲಾಭ; ಎಎಂಡಿ ಗೆದ್ದಷ್ಟೂ ಅದಕ್ಕೆ ಒಳ್ಳೆಯದೇ.

ಎದುರಾಳಿಯ ದುಡ್ಡಿನ ಮಾತು ಬೇರೆ. ಇಲ್ಲಿ ಕೊಟ್ಟವನಿಗೆ ಎರಡು ಆಸೆಗಳಿರುತ್ತವೆ, ಒಂದು ಇನ್ನೊಂದರ ಕಾಲೆಳೆಯುತ್ತದೆ. ಇಂಟೆಲ್ ಬೆಳೆದರೆ ಎನ್ವಿಡಿಯಾದ ಪಾಲಿನ ಬೆಲೆ ಏರುತ್ತದೆ. ಆದರೆ ಎನ್ವಿಡಿಯಾದ ಮುಖ್ಯ ವ್ಯಾಪಾರವಾದ ಗ್ರಾಫಿಕ್ಸ್ ಚಿಪ್‌ಗಳಲ್ಲೇ ಇಂಟೆಲ್ ಬೆಳೆದರೆ? ಎರಡೂ ಸೇರಿ ಕಂಪ್ಯೂಟರ್ ಚಿಪ್ ಮಾಡುವುದಾಗಿ ಹೇಳಿವೆ. ಅದರ ಏಟು ಮೊದಲು ತಾಗುವುದು ಎಎಂಡಿಗೆ. ಹಾಗಾಗಿ ಮೂರು ಮಂದೆಗಳಿದ್ದ ಹುಲ್ಲುಗಾವಲಿನಲ್ಲಿ ಎರಡು ಮಂದೆಗಳ ಕಿವಿಗುರುತು ಬೆರೆಯತೊಡಗಿದೆ. ಇದು ಪೈಪೋಟಿಯನ್ನು ಕೊಲ್ಲುತ್ತದೆ ಎಂದು ಈಗಲೇ ತೀರ್ಪು ಕೊಡುವುದು ಅನ್ಯಾಯ. ಸಾಯಲಿದ್ದ ಎದುರಾಳಿಯನ್ನು ಉಳಿಸುವುದೂ ಪೈಪೋಟಿಗೆ ಮಾಡಿದ ಉಪಕಾರವೇ. 1997ರಲ್ಲಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹಾಕಿ ಆ್ಯಪಲ್‌ಗೆ ಆಸರೆಯಾಗಿತ್ತು. ಆ ಶೇರುಗಳಿಗೆ ಮತದ ಹಕ್ಕಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿ ಕುಂಟ ಹೆಗಲೇರಿದ್ದ, ದಾರಿ ಹೇಳುವ ಹಕ್ಕನ್ನು ಕೆಳಗಿಟ್ಟೇ ಏರಿದ್ದ.

ಇದಕ್ಕಿಂತ ಚೆಂದದ ಉದಾಹರಣೆ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಅತಿ ಸೂಕ್ಷ್ಮ ಚಿಪ್ ಕೊರೆಯುವ ಯಂತ್ರ ಮಾಡುವ ಈ ಕಂಪನಿಯಲ್ಲಿ 2012ರಲ್ಲಿ ಇಂಟೆಲ್ ಶೇ 15, ಟಿಎಸ್‌ಎಂಸಿ ಶೇ 5, ಸ್ಯಾಮ್‌ಸಂಗ್ ಶೇ 3ರಷ್ಟು ಪಾಲು ಪಡೆಯಲು ಒಪ್ಪಿದವು. ಮೂವರೂ ಒಬ್ಬರ ಕೊರಳಿಗೆ ಒಬ್ಬರು ಬಿದ್ದ ಎದುರಾಳಿಗಳು. ಆದರೆ ಮಾಮೂಲಿ ವಿಷಯಗಳಲ್ಲಿ ಆ ಶೇರುಗಳಿಗೆ ಮತವಿಲ್ಲ, ಯಂತ್ರ ಎಲ್ಲ ಗಿರಾಕಿಗಳಿಗೂ ಸಿಗಬೇಕು. ಅಕ್ಕಪಕ್ಕದ ಹೊಲದವರು ಜಗಳ ಬದಿಗಿಟ್ಟು ಬದುವಿನ ಮೇಲೆ ಒಂದು ಬಾವಿ ತೋಡಿದಂತಾಯಿತು. ನೀರು ಎಲ್ಲರದು, ಬೆಳೆ ಅವರವರದು.

ಇಲ್ಲಿ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ ಆಕೆ ಅದನ್ನು ಒಲೆಗೇರಿಸಲಿಲ್ಲ, ಹೆಚ್ಚಾದದ್ದನ್ನು ಮರಳಿ ಸುರಿದು ಬರಲು ಹೇಳಿದಳು. ಇದನ್ನು ಚಿಪ್ ಕಾರ್ಖಾನೆಗೆ ನೇರವಾಗಿ ಅನ್ವಯಿಸಲಾಗದು. ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಒಂದೇ ಕಾರ್ಖಾನೆಗೆ 91,000 ಕೋಟಿ ರೂಪಾಯಿ ಬೇಕು. ಆಯ್ದ ಕಾಳಿನಿಂದ ಅದು ಏಳುವುದಿಲ್ಲ. ಆದರೆ ಲಕ್ಕಮ್ಮ ಸಿಟ್ಟಾದದ್ದು ಅಕ್ಕಿಯ ಮೇಲಲ್ಲ. ಇಷ್ಟೊಂದು ಯಾಕೆ ಬಂತು, ಇದು ನಮ್ಮ ಕಾಯಕದ ಅಳತೆಯೇ ಎಂದು ಕೇಳಿದಳು. ಒಪ್ಪಂದಕ್ಕೆ ರುಜು ಹಾಕುವ ಮುನ್ನ ಯಾವ ಕಂಪನಿಯೂ ಈ ಪ್ರಶ್ನೆ ಕೇಳಿಕೊಳ್ಳಬಹುದು.

ಬೆಂಗಳೂರಿನಲ್ಲಿ ಇಂಟೆಲ್‌ಗೂ ಎಎಂಡಿಗೂ ದೊಡ್ಡ ಕೇಂದ್ರಗಳಿವೆ. ಎಎಂಡಿ 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಅಲ್ಲೇ. ಅದೇ ಊರಿನಲ್ಲಿ ಹುಟ್ಟಿದ ಒಂದು ಸ್ವದೇಶಿ ಚಿಪ್ ಕಂಪನಿಯ ಹೆಸರು ಸಾಂಖ್ಯ ಲ್ಯಾಬ್ಸ್. ಹೆಸರೇ ದರ್ಶನದ್ದು. 2022ರಲ್ಲಿ ಬೆಂಗಳೂರಿನದೇ ತೇಜಸ್ ನೆಟ್‌ವರ್ಕ್ಸ್ ಸುಮಾರು 284 ಕೋಟಿ ರೂಪಾಯಿಗೆ ಅದರ ಶೇ 64.4ರ ಪಾಲು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ತೇಜಸ್ ಕೂಡ ಟಾಟಾ ಗುಂಪಿನ ತೆಕ್ಕೆಗೆ ಬಂದಿತ್ತು. ಸಣ್ಣ ಕಂಪನಿಗೆ ಗಟ್ಟಿ ಬೆನ್ನು ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ದೂರಸಂಪರ್ಕದ ಸಲಕರಣೆ ಮಾಡುವವರೇ ಚಿಪ್ ಮಾಡುವವರ ಒಡೆಯರಾದಾಗ, ಅದೇ ಸಲಕರಣೆ ಮಾಡುವ ಬೇರೆಯವರು ಆ ಚಿಪ್ ಕೊಳ್ಳಲು ಹಿಂದೆಮುಂದೆ ನೋಡುವುದು ಸಹಜ. ತನ್ನ ಮುಂದಿನ ಯೋಜನೆಯನ್ನು ಎದುರಾಳಿಯ ಮನೆಯವರ ಮುಂದೆ ಬಿಚ್ಚಿಡಲು ಯಾರಿಗೆ ಮನಸ್ಸು ಬರುತ್ತದೆ? ಎನ್ವಿಡಿಯಾ 4,000 ಕೋಟಿ ಡಾಲರ್‌ಗೆ, ತನ್ನ ಎದುರಾಳಿಗಳಿಗೂ ಚಿಪ್ ವಿನ್ಯಾಸ ಕೊಡುವ ಆರ್ಮ್ ಕಂಪನಿಯನ್ನು ಕೊಳ್ಳಹೊರಟಾಗ ಇದೇ ಭಯ ಎದ್ದಿತ್ತು. ಹಲವು ದೇಶಗಳ ನಿಯಂತ್ರಕರು ಅಡ್ಡ ನಿಂತು, 2022ರ ಫೆಬ್ರವರಿಯಲ್ಲಿ ಆ ವ್ಯವಹಾರ ಮುರಿದುಬಿತ್ತು.

ಸರ್ಕಾರದ ದುಡ್ಡಿಗೂ ದನಿಯಿದೆ. ಇಂಟೆಲ್‌ನಲ್ಲಿ ತಾನು ಸುಮ್ಮನಿರುವ ಪಾಲುದಾರ, ಆಡಳಿತ ಮಂಡಳಿಯಲ್ಲಿ ಕುರ್ಚಿ ಬೇಡ ಎಂದು ಅಮೆರಿಕ ಸರ್ಕಾರ ಹೇಳಿತು. ಅದಕ್ಕೆ ಎರಡು ವಾರ ಮುಂಚೆ ಅಲ್ಲಿನ ಅಧ್ಯಕ್ಷರೇ ಇಂಟೆಲ್‌ನ ಮುಖ್ಯಸ್ಥರು ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಒತ್ತಾಯಿಸಿದ್ದರು. ಶಂಕರರ ಆಕ್ಷೇಪಕ್ಕೆ ಇದಕ್ಕಿಂತ ತಾಜಾ ಸಾಕ್ಷಿ ಬೇಕಿಲ್ಲ. ಭಾರತವೂ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿ ಚಿಪ್ ಕಾರ್ಖಾನೆಗಳಿಗೆ ನೆರವಾಗುತ್ತಿದೆ. ಇದು ಬೇಕಾದದ್ದೇ. ಯಾರಿಗೆ, ಯಾವ ಷರತ್ತಿನ ಮೇಲೆ, ಎಷ್ಟು ವರ್ಷ ಎಂಬುದು ಮಾತ್ರ ತೆರಿಗೆ ಕಟ್ಟುವ ಹಂಪಸಾಗರದವರಿಗೂ ಕಾಣುವಂತೆ ಬರೆದಿರಬೇಕು.

ಪಾಲಿನ ಕುರಿಯ ಕರಾರು ಹೆಚ್ಚಾಗಿ ಬಾಯಿಮಾತಿನದು. ಪಾಲು ಹಂಚುವ ದಿನ ದುಡ್ಡು ಹಾಕಿದವರು ಹಟ್ಟಿಗೆ ಬರುತ್ತಾರೆ. ಮರಿಗಳನ್ನು ಒಂದೊಂದಾಗಿ ಎಣಿಸಿ, ಕಿವಿ ಹಿಡಿದು ನೋಡಿ, ಇದು ನಿಮ್ಮದು, ಇದು ನನ್ನದು ಎಂದು ಬೇರೆ ಮಾಡುತ್ತಾರೆ. ತನ್ನ ಪಾಲಿಗೆ ಬಂದ ಮರಿಗಳನ್ನು ಹೊಡೆದುಕೊಂಡು ಕುರಿಗಾರ ನಾಳೆ ಯಾವ ದಡಕ್ಕೆ ಹೋಗುತ್ತಾನೋ, ಅದನ್ನು ಅವನನ್ನು ಬಿಟ್ಟು ಬೇರೆ ಯಾರೂ ಹೇಳುವುದಿಲ್ಲ.